ಮಲ್ಲು ಸತ್ತದ್ದು ಹೀಗೆ

ಚಿಂಚೋಳಿ
2 ನವೆಂಬರ್ 1998

ಪ್ರೀತಿಯ ವಿಠ್ಠಲನಿಗೆ ಅಕ್ಕನ ಆಶೀರ್ವಾದಗಳು.

ದೀಪಾವಳಿಗೆ ಬಂದಾಗ ಜ್ವರ ಇದೆ ಎಂದು ನಿನ್ನ ರಕ್ತ ತೆಗೆದೆನಲ್ಲ, ಮಲೇರಿಯಾ ಇಲ್ಲ. ಟೈಫಾಯ್ಡೂ ಇಲ್ಲ. ಆದರೆ ಅವತ್ತು ಹಿತ್ತಲಿನ ಬಿಸಿಲಿನಲ್ಲಿ ನಿಂತಿದ್ದಾಗ ನಿನ್ನ ಕಣ್ಣಿನ ಬಿಳಿ ಹಳದಿಯಾಗಿ ಕಂಡಿತ್ತು. ಅದಕ್ಕೇ ಉಳಿದ ರಕ್ತದಲ್ಲಿ ಲಿವರಿನ ಪರೀಕ್ಷೆಯನ್ನೂ ಮಾಡಿದೆ. ನಾಲ್ಕು ವರ್ಷದಿಂದ ಇಲ್ಲಿ ಸರಕಾರಿ ದವಾಖಾನೆಯ ಲ್ಯಾಬಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ, ಕೈ ತಪ್ಪುವುದಿಲ್ಲ. ಆದರೂ ನಂಬಿಕೆಯಾಗದೆ ನನ್ನ ರಕ್ತವನ್ನೇ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ನನ್ನದು ಸರಿಯಾಗಿದೆ. ನಿನ್ನದು ಇರಬೇಕಾದದ್ದಕ್ಕಿಂತ ನಾಲ್ಕು ಪಟ್ಟು ಮೇಲಿದೆ.

ರಿಪೋರ್ಟನ್ನು ಡಾಕ್ಟರಿಗೆ ತೋರಿಸಿದೆ. "ಇದು ನೀರಿನಿಂದ ಬಂದ ಕಾಮಾಲಿ ಅಲ್ಲಮ್ಮ, ಕುಡಿಯೋರ ಲಿವರು. ಯಾರದಿದು?" ಎಂದರು. ಲಾರಿ ಡ್ರೈವರನದು, ನಲವತ್ತೈದು ವಯಸ್ಸು ಎಂದು ಹೇಳಿಬಿಟ್ಟೆ. "ಹಂಗಾದ್ರ ಅವಗ ಜಲ್ದಿ ಬಿಡಲಿಕ್ಕೆ ಹೇಳ್ರಿ" ಎಂದರು.

ನಿನಗೆ ಇಪ್ಪತ್ತು. ಎಷ್ಟು ದಿನದಿಂದ ನಡೆದಿದೆ ಬರೆ. ಅಪ್ಪನಿಗೆ ಹೇಳಿಲ್ಲ.

ನಿನ್ನ ಅಕ್ಕ,
ಭಾಮಾ

ಸೇಡಂ
12 ನವೆಂಬರ್ 1998

ಅಕ್ಕನಿಗೆ ನಮಸ್ಕಾರಗಳು.

ಮಲೇರಿಯಾ ಎಂದು ಹೇಳಿ ರಕ್ತ ತೆಗೆದುಕೊಂಡು ಕುಡಿತ ಹುಡುಕುವುದು ಯಾವ ನ್ಯಾಯ? ಪೊಲೀಸರು ಕೂಡ ಮೊದಲು ಕೇಳುತ್ತಾರೆ.

ಹೌದು, ಕುಡಿಯುತ್ತೇನೆ. ಒಂದೂವರೆ ವರ್ಷವಾಯಿತು. ಸುಳ್ಳು ಹೇಳುವ ಅಗತ್ಯ ನನಗಿಲ್ಲ. ಶನಿವಾರ ಭಾನುವಾರ ಇದ್ದೇ ಇರುತ್ತದೆ, ನಡುವೆ ಯಾರದಾದರೂ ಹುಟ್ಟಿದ ದಿನ ಬರುತ್ತದೆ, ಪ್ರಾಕ್ಟಿಕಲ್ ಮುಗಿದ ಸಂಜೆ ಬರುತ್ತದೆ. ಈ ಕಡೆ ಶೇಂದಿ ಎಲ್ಲಿ ಬೇಕಾದರೂ ಸಿಗುತ್ತದೆ, ಕೈಯಲ್ಲಿ ಸ್ವಲ್ಪ ಇದ್ದರೆ ರಮ್ಮು. ಹಾಸ್ಟೆಲಿಗೆ ಬಂದ ಮೊದಲ ವಾರ ನಾನು ಬೇಡ ಎಂದಾಗ ಸೀನಿಯರುಗಳು ನನಗೆ ಇಟ್ಟ ಹೆಸರನ್ನು ನಿನಗೆ ಬರೆಯಲಾರೆ. ಆಚಾರ್ಯರ ಮಗ, ಜುಟ್ಟು ಎಲ್ಲಿ ಬಿಟ್ಟು ಬಂದೆ ಎಂದು ಕೇಳುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ. ಅಂಬರಾಯನಂಥ ಸೀನಿಯರು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಾನೆ. ನನ್ನ ರೂಮಿನ ಮಲ್ಲು, ಗುಂಡಗುರ್ತಿಯವನು, ಈ ವರ್ಷ ಹೊಸದಾಗಿ ಬಂದಾಗ ವಾಸನೆಗೇ ಓಡುತ್ತಿದ್ದ. ಅವನಿಗೆ ಕಲಿಸಿದ್ದು ನಾನೇ. ಈಗ ಗುರುವನ್ನು ಮೀರಿಸಿದ್ದಾನೆ.

ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೇನೆ. ಒಂದು ಬೆಂಚು ಮುರಿದಿಲ್ಲ, ಒಬ್ಬರ ಮೇಲೆ ಕೈ ಮಾಡಿಲ್ಲ. ಊರಲ್ಲಿ ಎಷ್ಟು ಜನ ದಿನಾ ಕುಡಿದು ಎಂಬತ್ತು ವರ್ಷ ಬದುಕಿಲ್ಲ? ನಮ್ಮ ಮನೆಯಲ್ಲಿ ಈರುಳ್ಳಿ ತಿಂದರೂ ತಪ್ಪು, ಹಾಗಾಗಿ ನನ್ನ ಗ್ಲಾಸು ನಿನಗೆ ದೊಡ್ಡದಾಗಿ ಕಾಣಿಸುತ್ತಿದೆ. ಅಪ್ಪನಿಗೆ ಹೇಳುವುದಾದರೆ ಹೇಳು. ನಾನು ಹೆದರುವುದಿಲ್ಲ.

ವಿಠ್ಠಲ್

ಚಿಂಚೋಳಿ
19 ನವೆಂಬರ್ 1998

ವಿಠ್ಠಲ,

ಲಿವರಿಗೆ ಗೋತ್ರ ಗೊತ್ತಿಲ್ಲ. ನಾನು ಮಡಿಯ ಮಾತು ಎತ್ತಲೇ ಇಲ್ಲ, ನೀನು ಎತ್ತಿದೆ. ನಿನ್ನ ಉತ್ತರದಲ್ಲಿ ಅಪ್ಪ ಇದ್ದಾರೆ, ಅಂಬರಾಯ ಇದ್ದಾನೆ, ಊರಿನ ಮುದುಕರೆಲ್ಲ ಇದ್ದಾರೆ. ನಾನು ಕೇಳಿದ ರಕ್ತದ ಮಾತು ಮಾತ್ರ ಇಲ್ಲ.

ಎಂಬತ್ತು ವರ್ಷ ಬದುಕಿದವರನ್ನು ನೀನು ಊರಲ್ಲಿ ನೋಡಿದ್ದೀಯ. ಇಪ್ಪತ್ತೆರಡಕ್ಕೆ, ಇಪ್ಪತ್ತಾರಕ್ಕೆ ಬರುವವರು ನನ್ನ ಕಿಟಕಿಯ ಮುಂದೆ ನಿಲ್ಲುತ್ತಾರೆ. ಹೋದ ತಿಂಗಳು ಕೊಡ್ಲಿ ಊರಿನ ಕಡೆಯ ಡಿಗ್ರಿ ಹುಡುಗನೊಬ್ಬ ಹೊಟ್ಟೆನೋವಿನಿಂದ ಮುದುಡಿಕೊಂಡು ಬಂದ. ಮೇದೋಜೀರಕ ಗ್ರಂಥಿ ಬಾತಿತ್ತು. ಅವನ ತಾಯಿಯೂ ನನ್ನ ಮಗ ಫಸ್ಟ್ ಕ್ಲಾಸು ಎಂದೇ ಹೇಳುತ್ತಿದ್ದಳು.

ಅಮ್ಮ ಹೋದಾಗ ನಿನಗೆ ಆರು ವರ್ಷ, ನನಗೆ ಹದಿನೈದು. ನಿನ್ನನ್ನು ಹೆದರಿಸಿ ಬೆಳೆಸಿಲ್ಲ, ಈಗಲೂ ಹೆದರಿಸುವುದಿಲ್ಲ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆಯೇ, ಇಷ್ಟಕ್ಕೆ ಉತ್ತರ ಕೊಡು.

ಭಾಮಾ

ಸೇಡಂ
6 ಜನವರಿ 1999

ಅಕ್ಕನಿಗೆ ಹೊಸ ವರ್ಷದ ಶುಭಾಶಯಗಳು.

ಪರೀಕ್ಷೆಯ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ. ಈಗ ಬಹಳ ಕಡಿಮೆ ಮಾಡಿದ್ದೇನೆ. ಹತ್ತು ದಿನ ಮುಟ್ಟಲೇ ಇಲ್ಲ, ಬೇಕಾದರೆ ಮಲ್ಲುವನ್ನು ಕೇಳು. ಬಿಡಬೇಕೆಂದರೆ ಯಾವಾಗ ಬೇಕಾದರೂ ಬಿಡಬಲ್ಲೆ ಎಂಬುದು ಇದರಿಂದ ಗೊತ್ತಾಯಿತಲ್ಲ?

ಕೆಮಿಸ್ಟ್ರಿ ಲ್ಯಾಬಿನಲ್ಲಿ ಎರಡು ಸಲ ಪಿಪೆಟ್ ಕೈತಪ್ಪಿ ಬಿತ್ತು. ಈ ವರ್ಷ ಚಳಿ ಹೆಚ್ಚು. ಹೊಟ್ಟೆಯ ಮೇಲ್ಭಾಗದಲ್ಲಿ ಉರಿ ಇದೆ, ಮೆಸ್ಸಿನ ಖಾರದಿಂದ ಇರಬೇಕು. ನಿಮ್ಮ ದವಾಖಾನೆಯ ಆ ಬಿಳಿ ಗುಳಿಗೆ ಒಂದು ಪಾಕೀಟು ಕಳಿಸು.

ವಿಠ್ಠಲ್

ಚಿಂಚೋಳಿ
13 ಜನವರಿ 1999

ವಿಠ್ಠಲ,

ಗುಳಿಗೆ ಕಳಿಸುವುದಿಲ್ಲ. ನೀನೇ ಬಾ. ಬಸ್‌ಸ್ಟ್ಯಾಂಡಿನಿಂದ ನನ್ನ ಮನೆಗೆ ಐದು ನಿಮಿಷ. ಮನೆ ಮಾಲಕಿ ಜೈಬುನ್ನೀಸಾ ಆಪಾ ನಿನಗಾಗಿ ಮುಂದಿನ ಕೋಣೆ ಖಾಲಿ ಮಾಡಿಸಿದ್ದಾರೆ. ಯಾಕೆ ಎಂದು ಕೇಳಲಿಲ್ಲ.

ಚಳಿಗೆ ಹಲ್ಲು ನಡುಗುತ್ತವೆ, ಪಿಪೆಟ್ ಬೀಳುವುದಿಲ್ಲ.

ಭಾಮಾ

ಸೇಡಂ
11 ಮಾರ್ಚ್ 1999

ಅಕ್ಕಾ,

ಎರಡು ತಿಂಗಳಿಂದ ನಿನ್ನ ಮೂರು ಪತ್ರಗಳಿಗೆ ಉತ್ತರ ಬರೆದಿಲ್ಲ. ಈಗ ಬರೆಯುತ್ತಿದ್ದೇನೆ, ಓದು.

ಮಲ್ಲು ಸತ್ತ.

ಕಳೆದ ಭಾನುವಾರ ಪ್ರಾಕ್ಟಿಕಲ್ ಮುಗಿದ ಖುಷಿಗೆ ಐದು ಜನ ಊರ ಹೊರಗಿನ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಹಳೆಯ ಖಣಿಗೆ ಹೋಗಿದ್ದೆವು. ಬೆಳಿಗ್ಗೆ ಹತ್ತಕ್ಕೇ ಶೇಂದಿ ಶುರುವಾಯಿತು. ಮಲ್ಲು ಏನೂ ತಿಂದಿರಲಿಲ್ಲ. ಮಧ್ಯಾಹ್ನ ಅಂಬರಾಯ ರಮ್ಮಿನ ಬಾಟ್ಲಿ ತೆಗೆದ. "ನೀರಿಲ್ಲದ ಅರ್ಧ ಬಾಟ್ಲಿ ಒಂದೇ ಸಲ ಕುಡ್ದವಗ ನನ್ನ ಗಾಡಿ ಒಂದು ವಾರ" ಎಂದ. ಮಲ್ಲುವಿಗೆ ಆ ಬೈಕಿನ ಮೇಲೆ ಎಷ್ಟು ಆಸೆ ಇತ್ತೆಂದು ಎಲ್ಲರಿಗೂ ಗೊತ್ತು. ಊರಿಗೆ ಅದರ ಮೇಲೆ ಹೋಗಿ ತಂಗಿಯನ್ನು ಕೂರಿಸಿಕೊಂಡು ಕಾಳಗಿ ಬಜಾರು ತೋರಿಸಬೇಕು ಎನ್ನುತ್ತಿದ್ದ. ಬಾಟ್ಲಿ ಎತ್ತಿದ. ನಾವು ಚಪ್ಪಾಳೆ ತಟ್ಟಿ ಎಣಿಸಿದೆವು. ಗೆದ್ದ.

ಮೂರು ಗಂಟೆಗೆ ಅವನಿಗೆ ನಿಲ್ಲಲು ಆಗುತ್ತಿರಲಿಲ್ಲ. ಇಬ್ಬರ ನಡುವೆ ಬೈಕಿನ ಮೇಲೆ ಕೂರಿಸಿ ಹಾಸ್ಟೆಲಿಗೆ ತಂದು ನನ್ನ ಮಂಚದ ಮೇಲೆ ಅಂಗಾತ ಮಲಗಿಸಿದೆವು. ಮುಖಕ್ಕೆ ನೀರು ಹೊಡೆದರೂ ಕಣ್ಣು ತೆರೆಯಲಿಲ್ಲ. ಗೊರಕೆ ಹೊಡೆಯುತ್ತಿದ್ದ. "ಮಲಗ್ಲಿ ಬಿಡು, ನಿದ್ದಿ ಮಾಡಿದ್ರ ಇಳೀತದ" ಎಂದ ಅಂಬರಾಯ. ನಾವು ಕೆಳಗೆ ಮೆಸ್ಸಿನಲ್ಲಿ ಟಿವಿಯ ಭಾನುವಾರದ ಸಿನಿಮಾ ನೋಡಲು ಹೋದೆವು. ಸಿನಿಮಾ ಮುಗಿದು ಚಹಾ ಕುಡಿದು ಮೇಲೆ ಬಂದಾಗ ಗೊರಕೆ ಇರಲಿಲ್ಲ. ತುಟಿ ನೀಲಿಯಾಗಿತ್ತು. ಬಾಯಿಯ ತುಂಬ ವಾಂತಿ. ಕೈ ಹಿಡಿದೆ, ತಣ್ಣಗಿತ್ತು.

ಪ್ರಿನ್ಸಿಪಾಲರು ತಮಗೆ ಗೊತ್ತಿದ್ದ ಖಾಸಗಿ ಡಾಕ್ಟರನ್ನು ಕರೆಸಿದರು. ಹೃದಯಾಘಾತ ಎಂದು ಚೀಟಿ ಬರೆಸಿ ಜೀಪಿನಲ್ಲಿ ಊರಿಗೆ ಕಳಿಸಿದರು. ಮರುದಿನ ನಮ್ಮ ನಾಲ್ವರನ್ನು ಆಫೀಸಿಗೆ ಕರೆದು ಟೈಪು ಮಾಡಿದ ಹಾಳೆ ಕೊಟ್ಟರು. ಮಲ್ಲಿಕಾರ್ಜುನನಿಗೆ ಬೆಳಿಗ್ಗೆಯಿಂದ ಎದೆನೋವಿತ್ತು, ಆ ದಿನ ಯಾರೂ ಹಾಸ್ಟೆಲಿನಿಂದ ಹೊರಗೆ ಹೋಗಿಲ್ಲ, ಮದ್ಯ ಸೇವಿಸಿಲ್ಲ ಎಂದು ಅದರಲ್ಲಿತ್ತು. ಸಹಿ ಮಾಡಿದೆ. ಎಲ್ಲರಿಗಿಂತ ಮೊದಲು ಮಾಡಿದೆ.

ನಿನ್ನನ್ನು ಒಂದೇ ಕೇಳುತ್ತೇನೆ, ನೀನು ದವಾಖಾನೆಯಲ್ಲಿರುವವಳು. ಮೂರೂವರೆಗೇ ಒಯ್ದಿದ್ದರೆ ಉಳಿಯುತ್ತಿದ್ದನೇ?

ವಿಠ್ಠಲ್

ಚಿಂಚೋಳಿ
15 ಮಾರ್ಚ್ 1999

ವಿಠ್ಠಲ,

ನಿನ್ನ ಪತ್ರವನ್ನು ಲ್ಯಾಬಿನಲ್ಲೇ ಓದಿದೆ. ಡಾಕ್ಟರನ್ನು ಕೇಳಿಕೊಂಡು ಬರೆಯುತ್ತಿದ್ದೇನೆ, ನನ್ನ ಊಹೆಯಲ್ಲ.

ಬಹುಮಟ್ಟಿಗೆ ಉಳಿಯುತ್ತಿದ್ದ.

ನೀವು ಗೊರಕೆ ಎಂದುಕೊಂಡದ್ದು ನಿದ್ದೆಯ ಗೊರಕೆ ಅಲ್ಲ. ಅಷ್ಟು ಕುಡಿದಾಗ ಮಿದುಳು ಮಂಕಾಗಿ ಉಸಿರು ನಿಧಾನವಾಗುತ್ತದೆ, ಗಂಟಲು ಸಡಿಲಾಗಿ ಆ ಸದ್ದು ಬರುತ್ತದೆ. ಅಂಗಾತ ಮಲಗಿದವನಿಗೆ ವಾಂತಿಯಾದರೆ ಅದು ಹೊರಗೆ ಬರುವುದಿಲ್ಲ, ಉಸಿರಿನ ದಾರಿಗೇ ಇಳಿಯುತ್ತದೆ. ಮಲಗಿದರೆ ಇಳಿಯುತ್ತದೆ ಎಂಬುದೂ ಸುಳ್ಳು. ಹೊಟ್ಟೆಯಲ್ಲಿ ಉಳಿದದ್ದು ಮಲಗಿದ ಮೇಲೂ ರಕ್ತಕ್ಕೆ ಏರುತ್ತಲೇ ಇರುತ್ತದೆ. ಮಗ್ಗುಲಿಗೆ ತಿರುಗಿಸಿ ಒಬ್ಬರು ಪಕ್ಕದಲ್ಲಿ ಕೂತು, ಉಳಿದವರು ಗಾಡಿ ತಂದಿದ್ದರೆ ಸಾಕಿತ್ತು.

ಹೀಗೆ ಬರೆಯಲು ನನಗೆ ಕಷ್ಟವಾಗಲಿಲ್ಲ ಎಂದುಕೊಳ್ಳಬೇಡ. ನೀನು ಕೇಳಿದೆ. ನಾನೂ ಒಂದು ಟೈಪು ಮಾಡಿದ ಹಾಳೆ ಕೊಟ್ಟರೆ ನಿನಗೆ ಯಾರು ಉಳಿಯುತ್ತಾರೆ?

ಈಗ ದಿನಾ ಕುಡಿಯುತ್ತಿದ್ದೀಯ. ನೀನು ಬರೆದಿಲ್ಲ, ನಿನ್ನ ಅಕ್ಷರ ಹೇಳುತ್ತಿದೆ. ಹಠ ಮಾಡಿ ಅಲ್ಲೇ ಒಬ್ಬನೇ ಒಮ್ಮೆಲೇ ಬಿಡಬೇಡ, ಅದೂ ಅಪಾಯ. ಇಲ್ಲಿಗೆ ಬಂದು ಬಿಡು.

ಭಾಮಾ

ಚಿತ್ತಾಪುರ
21 ಮಾರ್ಚ್ 1999

ಚಿರಂಜೀವಿ ವಿಠ್ಠಲನಿಗೆ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ನಿಮ್ಮ ಪ್ರಿನ್ಸಿಪಾಲರು ಶಹಾಬಾದಿನಲ್ಲಿ ಒಂದು ಮದುವೆಯಲ್ಲಿ ಸಿಕ್ಕಿದ್ದರು. ವಿಷಯ ತಿಳಿಯಿತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು, ನನ್ನ ಮನೆಯ ವಿಷಯವನ್ನು ಮತ್ತೊಬ್ಬರ ಬಾಯಿಂದ ಕೇಳಬೇಕಾಯಿತು.

ಬೈಯಲು ಬರೆದದ್ದಲ್ಲ. ಸತ್ತ ಹುಡುಗ ಹಿಂದೆ ಬರುವುದಿಲ್ಲ. ನೀನು ಸಹಿ ಮಾಡಿದ್ದೀಯಂತೆ, ಅಷ್ಟಕ್ಕೇ ಇರಲಿ. ನಿನ್ನ ತಂಗಿ ಪ್ರಮಿತಾಳಿಗೆ ವಾಡಿಯ ಕಡೆಯಿಂದ ಸಂಬಂಧ ಬಂದಿದೆ. ಅವಳ ಅಣ್ಣ ಕುಡುಕ, ಒಬ್ಬನ ಸಾವಿಗೆ ಸಾಕ್ಷಿ ಎಂದು ಊರಲ್ಲಿ ಮಾತಾದರೆ ಆ ಮಗುವಿನ ಗತಿ ಏನು? ಆ ಹುಡುಗನ ತಂದೆತಾಯಿಗಾದರೂ ಎದೆಯ ರೋಗ ಎಂದರೆ ಸಮಾಧಾನ, ಕುಡಿದು ಸತ್ತ ಎಂದರೆ ಅವಮಾನ. ಸುಮ್ಮನಿರುವುದೂ ಒಂದು ದಯೆ. ಓದು ಮುಗಿಸು. ಗುರುರಾಯರು ಒಳ್ಳೆಯದು ಮಾಡುತ್ತಾರೆ.

ನಿನ್ನ ತಂದೆ,
ಗುರುರಾಜ

ಚಿಂಚೋಳಿ
29 ಮಾರ್ಚ್ 1999

ತೀರ್ಥರೂಪರಿಗೆ ಭಾಮಾಳ ಸಾಷ್ಟಾಂಗ ನಮಸ್ಕಾರಗಳು.

ವಿಠ್ಠಲ ನನ್ನ ಹತ್ತಿರ ಇದ್ದಾನೆ. ನಿಮ್ಮ ಪತ್ರ ಜೇಬಿನಲ್ಲಿಟ್ಟುಕೊಂಡು ಬಂದ. ನನ್ನ ಮಾತು ಕೇಳದೆ ಹಿಂದಿನ ದಿನವೇ ಪೂರಾ ಬಿಟ್ಟು ಬಂದಿದ್ದ. ಎರಡನೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಕೈಕಾಲು ಸೆಟೆದು ಬಿದ್ದ. ಫಿಟ್ಸು. ಜೈಬುನ್ನೀಸಾ ಆಪಾ ಮತ್ತು ನಾನು ಮಗ್ಗುಲಿಗೆ ತಿರುಗಿಸಿ ಹಿಡಿದುಕೊಂಡೆವು, ಅವರ ಮಗ ಆಟೋ ತಂದ. ದವಾಖಾನೆಯಲ್ಲಿ ಮೂರು ದಿನ ಹುಳ ಹರಿದಾಡುತ್ತಿವೆ ಎಂದು ಹಾಸಿಗೆ ಕೆರೆಯುತ್ತಿದ್ದ. ಕಟ್ಟಿಹಾಕಬೇಕಾಯಿತು. ಇಪ್ಪತ್ತು ವರ್ಷದ ಹುಡುಗ, ಅಪ್ಪ. ಈಗ ಜ್ವರ ಇಳಿದಿದೆ, ಗಂಜಿ ಕುಡಿಯುತ್ತಿದ್ದಾನೆ.

ನಿಮ್ಮ ಪತ್ರ ಓದಿದೆ. ಸುಮ್ಮನಿರುವುದು ದಯೆ ಎಂದಿದ್ದೀರಿ. ನವೆಂಬರಿನಿಂದ ನಿಮಗೆ ಹೇಳದೆ ನಾನೂ ಸುಮ್ಮನಿದ್ದೆ, ಡಾಕ್ಟರಿಗೆ ಲಾರಿ ಡ್ರೈವರನ ರಕ್ತ ಎಂದೆ. ಅದು ದಯೆ ಆಗಿರಲಿಲ್ಲ, ನನ್ನ ಅಂಜಿಕೆ. ಆ ತಪ್ಪಿಗೆ ನಿಮ್ಮ ಕಾಲಿಗೆ ಬೀಳುತ್ತೇನೆ. ಆದರೆ ವಿಠ್ಠಲ ಏನು ಮಾಡಬೇಕೆಂದಿದ್ದಾನೋ ಅದಕ್ಕೆ ನಾನು ಅಡ್ಡ ಬರುವುದಿಲ್ಲ, ನಿಮಗೂ ಅಡ್ಡ ಬರಲು ಬಿಡುವುದಿಲ್ಲ. ಖರೇ ಹೇಳಿದ್ದಕ್ಕೆ ಮುರಿಯುವ ಸಂಬಂಧ ಪ್ರಮಿತಾಳಿಗೆ ಬೇಡ. ಇದು ನನ್ನ ಮಾತಲ್ಲ, ಫೋನಿನಲ್ಲಿ ಅವಳೇ ಹೇಳಿದ್ದು.

ನಿಮ್ಮ ಮಗಳು,
ಭಾಮಾ

ಚಿಂಚೋಳಿ
5 ಏಪ್ರಿಲ್ 1999

ಪ್ರಾಂಶುಪಾಲರಿಗೆ,

ಮಾನ್ಯರೆ,

ವಿಷಯ: ನನ್ನ ಸಹಿಯನ್ನು ಹಿಂತೆಗೆದುಕೊಳ್ಳುವ ಬಗ್ಗೆ.

ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿಯಾದ ನಾನು ದಿನಾಂಕ 8-3-1999ರಂದು ತಮ್ಮ ಕಚೇರಿಯಲ್ಲಿ ಸಹಿ ಮಾಡಿದ ಹೇಳಿಕೆ ಸುಳ್ಳು. ಮಲ್ಲಿಕಾರ್ಜುನ ತಂದೆ ದೇವಿಂದ್ರಪ್ಪ ಇವನಿಗೆ ಎದೆನೋವು ಇರಲಿಲ್ಲ. ಅವನು ನಮ್ಮ ಜೊತೆ ಶೇಂದಿ ಮತ್ತು ರಮ್ಮು ಕುಡಿದು, ಪಂದ್ಯಕ್ಕಾಗಿ ಅರ್ಧ ಬಾಟ್ಲಿ ಒಮ್ಮೆಲೇ ಕುಡಿದು, ಎಚ್ಚರ ತಪ್ಪಿ, ವಾಂತಿ ಉಸಿರಿಗೆ ಸಿಕ್ಕು ಸತ್ತ. ನಾವು ಅವನನ್ನು ಒಬ್ಬನನ್ನೇ ಬಿಟ್ಟು ಹೋಗಿದ್ದೆವು. ಅವನಿಗೆ ಕುಡಿಯಲು ಕಲಿಸಿದವನು ನಾನು.

ಈ ಪತ್ರದ ಪ್ರತಿಯನ್ನು ಪೊಲೀಸ್ ಠಾಣೆಗೂ ಕೊಟ್ಟಿದ್ದೇನೆ. ತಾವು ನನ್ನನ್ನು ಪರೀಕ್ಷೆಗೆ ಕೂರಿಸದಿದ್ದರೂ ಹಾಸ್ಟೆಲಿನಿಂದ ಹೊರಗೆ ಹಾಕಿದರೂ ಇದರ ಒಂದು ಅಕ್ಷರವನ್ನೂ ಬದಲಿಸುವುದಿಲ್ಲ.

ತಮ್ಮ ವಿಧೇಯ ವಿದ್ಯಾರ್ಥಿ,
ವಿಠ್ಠಲ್ ಗುರುರಾಜ ಆಚಾರ್ಯ

ಸೇಡಂ
16 ಏಪ್ರಿಲ್ 1999

ಅಕ್ಕನಿಗೆ ನಮಸ್ಕಾರಗಳು.

ನಿನ್ನೆ ಗುಂಡಗುರ್ತಿಗೆ ಹೋಗಿ ಬಂದೆ. ನೀನು ಜೊತೆಗೆ ಬರುತ್ತೇನೆ ಎಂದಾಗ ಬೇಡ ಎಂದದ್ದು ಸರಿಯಾಯಿತು.

ಅಂಗಳದಲ್ಲಿ ಮಲ್ಲುವಿನ ತಾಯಿ ಪೀರಮ್ಮ ತೊಗರಿ ಕೇರುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಮಲ್ಲುವಿನ ದೋಸ್ತ ಬಂದಾನ ಎಂದು ಒಳಗೆ ಚಾಪೆ ಹಾಕಿಸಿದರು. ಲಕ್ಷ್ಮಿ, ಅವನ ತಂಗಿ, ನೀರು ತಂದಳು. ಅವಳ ಮುಖ ಥೇಟು ಅವನದೇ. ನೀರು ಕುಡಿಯದೆ ಹೇಳಲು ಶುರುಮಾಡಿದೆ.

ಅರ್ಧಕ್ಕೇ ಅವನ ತಂದೆ ದೇವಿಂದ್ರಪ್ಪ ಕಾಕಾ ಎದ್ದರು. "ಸತ್ತವನ ಹೆಸರು ಕೆಡಸಾಕ ಬಂದೀ? ನಡಿ ಇಲ್ಲಿಂದ!" ಎಂದು ನನ್ನ ರಟ್ಟೆ ಹಿಡಿದು ಬಾಗಿಲ ತನಕ ತಳ್ಳಿದರು. ನಾನು ಹೊರಗೆ ಹೋಗಿ ನಿಂತೆ. ಬಸ್ಸಿಗೆ ಹೋಗಲಿಲ್ಲ.

ಒಳಗಿನಿಂದ ಪೀರಮ್ಮನ ದನಿ ಕೇಳಿಸಿತು. "ಅವಗ ಒಳಗ ಕರೀರಿ. ನನ್ನ ಮಗನ ಎದಿ ಕಲ್ಲಿನಂಗ ಇತ್ತು. ಎದಿ ನಿಂತು ಸತ್ತಾನ ಅಂದಾಗ ನಾ ಅವತ್ತೇ ನಂಬಿಲ್ಲ. ಮೈ ತೊಳಿಯಾಗ ನನ್ನ ಮೂಗು ಸತ್ತಿತ್ತೇನು? ವಾಸನಿ ಬಂದದ. ನೀವೆಲ್ಲಾ ಕೂಡಿ ನನ್ನ ಬಾಯಿ ಮುಚ್ಚಿಸೀರಿ."

ನಾನು ಮತ್ತೆ ಒಳಗೆ ಬಂದೆ. ಕಾಕಾ ಗೋಡೆಗೆ ಮುಖ ಮಾಡಿ ಕೂತರು. ಅವರಿಗೂ ಗೊತ್ತಿತ್ತು, ಅಕ್ಕಾ. ಎಲ್ಲರಿಗೂ ಗೊತ್ತಿತ್ತು.

"ಹೇಳು, ಒಂದೂ ಬಿಡಬ್ಯಾಡ" ಎಂದರು ಆಕೆ. ಎಲ್ಲ ಹೇಳಿದೆ. ನಿನಗೆ ಬರೆಯದೆ ಬಿಟ್ಟದ್ದನ್ನೂ ಹೇಳಿದೆ. ಈಗ ನಿನಗೂ ಬರೆಯುತ್ತೇನೆ. ಸಿನಿಮಾದ ನಡುವೆ ಜಾಹೀರಾತು ಬಂದಾಗ ನಾನೊಬ್ಬನೇ ಮೇಲೆ ಹೋಗಿದ್ದೆ. ಬಾಗಿಲಲ್ಲಿ ನಿಂತು ನೋಡಿದೆ. ಗೊರಕೆಯ ನಡುನಡುವೆ ಗುಳುಗುಳು ಸದ್ದು ಬರುತ್ತಿತ್ತು, ಆಮೇಲೆ ಏನೂ ಇರುತ್ತಿರಲಿಲ್ಲ, ಮತ್ತೆ ಜೋರಾಗಿ ಎಳೆದುಕೊಳ್ಳುತ್ತಿದ್ದ. ನನಗೆ ನಗು ಬಂತು. ಕೆಳಗೆ ಬಂದು ಎಲ್ಲರ ಮುಂದೆ ಅದನ್ನು ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಅಂಬರಾಯ ಇನ್ನೊಮ್ಮೆ ಮಾಡು ಎಂದ. ಮಾಡಿದೆ.

ಪೀರಮ್ಮ ಎದ್ದು ನನ್ನ ಹತ್ತಿರ ಬಂದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. "ಆ ಗೊರಕಿ ನನಗೂ ಮಾಡಿ ತೋರ್ಸು" ಎಂದರು.

ಆಗಲಿಲ್ಲ ಅಕ್ಕಾ.

"ನೀ ಬಂದು ಹೇಳಿದೆಂತ ನಿನ್ನ ಮಾಫ್ ಮಾಡೀನಂತ ತಿಳ್ಕೋಬ್ಯಾಡ. ಮಾಡಂಗಿಲ್ಲ. ಆದ್ರ ಇನ್ನಮ್ಯಾಲ ಕೇಳಿದವರಿಗೆ ನನ್ನ ಮಗ ಹ್ಯಾಂಗ ಸತ್ತಾನಂತ ನಾನೇ ಹೇಳ್ತೀನಿ" ಎಂದರು. ಬಸ್‌ಸ್ಟ್ಯಾಂಡಿನ ತನಕ ಲಕ್ಷ್ಮಿ ಬಂದಳು.

ಇಲ್ಲಿ ಹಾಜರಾತಿ ಕಡಿಮೆ ಎಂದು ನನ್ನನ್ನು ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ನನಗಿಂತ ಕಡಿಮೆ ಇರುವ ಅಂಬರಾಯ ಕೂರುತ್ತಾನೆ. ಪೊಲೀಸರು ನನ್ನ ಪತ್ರ ಇಟ್ಟುಕೊಂಡಿದ್ದಾರೆ, ಇನ್ನೂ ಯಾರನ್ನೂ ಕರೆದಿಲ್ಲ. ಹಾಸ್ಟೆಲಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ನನ್ನ ಹೆಸರು ಬರೆದು ಕೆಳಗೆ ಚಾಡಿಕೋರ ಎಂದು ಬರೆದಿದ್ದಾರೆ. ಬರೆಯಲಿ. ಪೇಟೆಯಲ್ಲಿ ರೂಮು ಹಿಡಿದಿದ್ದೇನೆ. ಈ ಕಾಲೇಜು ಬಿಟ್ಟು ಹೋಗುವುದಿಲ್ಲ, ವರ್ಷ ಹೋದರೂ ಇಲ್ಲೇ ಓದುತ್ತೇನೆ. ಸಂಜೆಯಾದರೆ ಬಾಯಿ ಒಣಗುತ್ತದೆ, ಬಹಳ ಬೇಕು ಎನಿಸುತ್ತದೆ. ಆಗ ಎದ್ದು ರೈಲ್ವೆ ಸ್ಟೇಷನ್ನಿನ ತನಕ ನಡೆದು ಬರುತ್ತೇನೆ. ಒಮ್ಮೊಮ್ಮೆ ಎರಡು ಸಲ.

ವಿಠ್ಠಲ್

ಚಿಂಚೋಳಿ
24 ಏಪ್ರಿಲ್ 1999

ವಿಠ್ಠಲ,

ಓದಿದೆ. ಆ ಭಾಗವನ್ನು ಮತ್ತೆ ಓದಲಿಲ್ಲ.

ಸ್ಟೇಷನ್ನಿನ ತನಕ ಎರಡು ಸಲ ಸಾಲದಿದ್ದರೆ ಮೂರು ಸಲ ಹೋಗು. ತಿಂಗಳಿಗೊಮ್ಮೆ ಬಂದು ರಕ್ತ ಕೊಡು, ಈ ಸಲ ಕೇಳಿಯೇ ತೆಗೆಯುತ್ತೇನೆ. ಅಪ್ಪ ನನಗೆ ಬರೆದಿದ್ದಾರೆ. ಒಂದೇ ಸಾಲು. ವಿಠ್ಠಲ ಊಟ ಸರಿಯಾಗಿ ಮಾಡುತ್ತಿದ್ದಾನೆಯೇ ಎಂದು. ನೀನೇ ಉತ್ತರ ಬರೆ.

ಭಾಮಾ

ಸೇಡಂ
2 ಆಗಸ್ಟ್ 1999

ಅಕ್ಕನಿಗೆ ನಮಸ್ಕಾರಗಳು.

ಮೊನ್ನೆ ಶನಿವಾರ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭ ಇತ್ತು. ಯಾವ ದಿನ ಎಂದು ಲಕ್ಷ್ಮಿ ಪತ್ರ ಬರೆದು ಕೇಳಿದ್ದಳು, ತಿಳಿಸಿದ್ದೆ. ಯಾಕೆ ಎಂದು ನನಗೂ ಗೊತ್ತಿರಲಿಲ್ಲ.

ಪ್ರಿನ್ಸಿಪಾಲರ ಭಾಷಣ ಮುಗಿಯುವ ಹೊತ್ತಿಗೆ ಪೀರಮ್ಮ ನಡುವಿನ ದಾರಿಯಲ್ಲಿ ನಡೆದುಕೊಂಡು ಬಂದರು. ಹಿಂದೆ ಲಕ್ಷ್ಮಿ, ಅವಳ ಹಿಂದೆ ರುಮಾಲು ಸುತ್ತಿದ ದೇವಿಂದ್ರಪ್ಪ ಕಾಕಾ. ನೇರ ವೇದಿಕೆ ಹತ್ತಿ ಮೈಕಿನ ಮುಂದೆ ನಿಂತರು.

"ತಾಯಿ, ಇದು ಕಾಲೇಜಿನ ಕಾರ್ಯಕ್ರಮ ಅದ. ಆಮ್ಯಾಲ ಆಫೀಸಿಗೆ ಬರ್ರಿ, ಕುಂತು ಮಾತಾಡಮು" ಎಂದರು ಪ್ರಿನ್ಸಿಪಾಲರು.

"ಆಫೀಸಿನಾಗ ನನಗೇನ್ ಕೆಲಸ ಇಲ್ರಿ. ನನ್ನ ಮಗನ ವಾರಿಗಿ ಹುಡುಗ್ರು ಇಲ್ಲಿ ಕುಂತಾರ."

ಯಾರೋ ಮೈಕು ಬಂದ್ ಮಾಡಿದರು. ಆಕೆ ಅದನ್ನು ಒಮ್ಮೆ ನೋಡಿ ಪಕ್ಕಕ್ಕೆ ಸರಿಸಿದರು. "ಹೊಲದಾಗ ಈ ದಂಡಿಯಿಂದ ಆ ದಂಡಿಗೆ ಒದರಾಕಿ ನಾ. ಇದು ಬ್ಯಾಡ ನನಗ" ಎಂದು ಶುರುಮಾಡಿದರು.

"ನಾ ಮಲ್ಲುನ ಅವ್ವ. ಹೋದ ವರ್ಷ ನಿಮ್ಮಂಗ ಈ ಕುರ್ಚಿ ಮ್ಯಾಲ ಕುಂತಿದ್ದ. ಕುಡ್ದು ಸತ್ತಾನ. ಎದಿ ನಿಂತಿಲ್ಲ, ದೆವ್ವ ಬಡದಿಲ್ಲ, ಕುಡ್ದು ಸತ್ತಾನ. ನಿಮಗ ಕುಡೀಬ್ಯಾಡ್ರಿ ಅಂದ್ರ ನೀವು ಕೇಳಂಗಿಲ್ಲ, ಅವನೂ ಕೇಳ್ತಿದ್ದಿಲ್ಲ. ಆದ್ರೂ ಹೇಳ್ತೀನಿ, ಕುಡೀಬ್ಯಾಡ್ರಿ. ನಿಮಗ ಗಂಡಸು ಅಲ್ಲ ಅಂತಾರ? ಅನ್ನಲಿ. ನಿಮ್ಮ ಜೋಡಿದಾರ ಕುಡ್ದು ಬಿದ್ದು ಎಬ್ಬಿಸಿದ್ರ ಏಳಲಿಲ್ಲ ಅಂದ್ರ, ಗೊರಕಿ ಹೊಡಿಲಿಕತ್ತಾನಂತ ಬಿಟ್ಟು ಹೋಗಬ್ಯಾಡ್ರಿ. ಮಗ್ಗಲಕ್ಕ ಮಲಗಸ್ರಿ. ಹೊತ್ಕೊಂಡು ದವಾಖಾನಿಗೆ ಒಯ್ರಿ. ಮಾಸ್ತರ ಬೈತಾನ, ಮನಿಯಾಗ ಗೊತ್ತಾಗ್ತದ ಅಂತ ಅಂಜಬ್ಯಾಡ್ರಿ. ಬೈಸ್ಕೊಂಡ್ರ ಸಾಯಂಗಿಲ್ಲ ಯಾರೂ. ನನಗ ನನ್ನ ಮಗ ಕುಡುಕ ಆಗಿ ಜೀವಂತ ಸಿಕ್ಕಿದ್ರ ಸಾಕಿತ್ತು."

ಹಿಂದಿನ ಸಾಲಿನಲ್ಲಿದ್ದ ಅಂಬರಾಯ, ಫೇಲಾಗಿ ಇಲ್ಲೇ ಉಳಿದವನು, ಎದ್ದು ಹೊರಗೆ ಹೋದ. ಪ್ರಿನ್ಸಿಪಾಲರು ತಲೆ ಎತ್ತಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಆಕೆ ಅದಕ್ಕೆ ಕಾಯಲೂ ಇಲ್ಲ. ಇಳಿದು ಹೋಗುವಾಗ ನನ್ನ ಮುಂದೆ ಒಂದು ಗಳಿಗೆ ನಿಂತರು.

ಆ ಸಂಜೆ ನಾನು ಸ್ಟೇಷನ್ನಿಗೆ ನಡೆಯಲಿಲ್ಲ, ಅಕ್ಕಾ. ಮೊದಲ ವರ್ಷದ ಏಳು ಹುಡುಗರು ನನ್ನ ರೂಮಿಗೆ ಬಂದಿದ್ದರು, ಮಗ್ಗುಲಿಗೆ ಮಲಗಿಸುವುದು ಹೇಗೆ ಎಂದು ಕೇಳಲು. ಒಬ್ಬನನ್ನು ನೆಲದ ಮೇಲೆ ಮಲಗಿಸಿ ನೀನು ಹೇಳಿಕೊಟ್ಟ ಹಾಗೆ ಮಾಡಿ ತೋರಿಸಿದೆ.

ವಿಠ್ಠಲ್

ಸೇಡಂ
20 ಸೆಪ್ಟೆಂಬರ್ 1999

ಪೀರಮ್ಮ ತಾಯಿಯವರಿಗೆ ನಮಸ್ಕಾರಗಳು. ಲಕ್ಷ್ಮಿ, ಇದನ್ನು ಅವ್ವನಿಗೆ ಓದಿ ಹೇಳು.

ನಿನ್ನೆ ಭಾನುವಾರ ಮಧ್ಯಾಹ್ನ ಮೊದಲ ವರ್ಷದ ಕಲ್ಯಾಣಪ್ಪ ಎಂಬ ಹುಡುಗ ಅದೇ ಖಣಿಯಲ್ಲಿ ಕುಡಿದು ಬಿದ್ದ. ಜೊತೆಗಿದ್ದ ಇಬ್ಬರು ಅವನನ್ನು ಹಾಸ್ಟೆಲಿಗೆ ಒಯ್ಯಲಿಲ್ಲ. ಕಲ್ಲಿನ ಲಾರಿ ಅಡ್ಡಗಟ್ಟಿ ನಿಲ್ಲಿಸಿ, ದಾರಿಯುದ್ದಕ್ಕೂ ಮಗ್ಗುಲಿಗೆ ಹಿಡಿದುಕೊಂಡು ನೇರ ದವಾಖಾನೆಗೆ ತಂದರು. ಕೆಲವು ಹುಡುಗರು ಓಡಿ ಬಂದು ನನಗೆ ಹೇಳಿದರು. ನಾನು ಹೋದಾಗ ಆಕ್ಸಿಜನ್ ಹಾಕಿದ್ದರು. ಡಾಕ್ಟರು, ಇನ್ನೊಂದು ತಾಸು ತಡವಾಗಿದ್ದರೆ ಆಸೆ ಇರಲಿಲ್ಲ ಎಂದರು. ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟ. ಮನೆಗೆ ಯಾಕೆ ತಿಳಿಸಿದಿರಿ ಎಂದು ಮೊದಲು ಎಲ್ಲರನ್ನೂ ಬೈದ. ಆಮೇಲೆ ಅತ್ತ.

ಅವನನ್ನು ತಂದ ಇಬ್ಬರೂ ನೀವು ಕಾಲೇಜಿನಲ್ಲಿ ಮಾತಾಡಿದ ದಿನ ಮುಂದಿನ ಸಾಲಿನಲ್ಲಿ ಕೂತಿದ್ದರು. ಇದನ್ನು ನಿಮಗೆ ತಿಳಿಸಬೇಕೆನಿಸಿತು. ನನ್ನ ತಪ್ಪು ಇದರಿಂದ ಕಡಿಮೆಯಾಯಿತು ಎಂದು ಬರೆಯುತ್ತಿಲ್ಲ.

ವಿಠ್ಠಲ್

ಗುಂಡಗುರ್ತಿ
27 ಸೆಪ್ಟೆಂಬರ್ 1999

ವಿಠ್ಠಲ ಅಣ್ಣನವರಿಗೆ ಲಕ್ಷ್ಮಿ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರವನ್ನು ಅವ್ವನಿಗೆ ಮೂರು ಸಲ ಓದಿ ಹೇಳಿದೆ. ಮೂರನೆಯ ಸಲ ಅಪ್ಪನೂ ಬಂದು ಹತ್ತಿರ ಕುಳಿತರು. ಅವ್ವ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದು ಬರೀ ಎಂದಳು. ಅವಳು ಹೇಳಿದಂತೆ ಬರೆದಿದ್ದೇನೆ, ನನ್ನದು ಏನೂ ಸೇರಿಸಿಲ್ಲ.

"ಆ ಹುಡುಗನ ಅವ್ವಗ ಹೇಳು, ಅವಗ ಹೊಡೀಬ್ಯಾಡ ಅಂತ. ಆಮ್ಯಾಲ ಹೊಡೀಲಿ, ಈಗ ಉಣ್ಣಾಕ ಹಾಕಲಿ. ಲಾರಿ ನಿಂದ್ರಿಸಿದ ಆ ಇಬ್ಬರು ಹುಡುಗ್ರಿಗೆ ನಮ್ಮೂರಿಗೆ ಕರ್ಕೊಂಡು ಬಾ, ಅವರ ಮಾರಿ ನೋಡಬೇಕು ನಾ. ನೀನೂ ಬಾ. ನಿನಗ ಮಾಫ್ ಮಾಡಿಲ್ಲ, ಮಾಡೂದೂ ಇಲ್ಲ. ಆದ್ರ ಬಾಗಿಲಾಗ ನಿಂತು ಹೋಗಬ್ಯಾಡ, ಒಳಗ ಬಂದು ಉಂಡು ಹೋಗು. ಬರೋ ವರ್ಷ ಮತ್ತ ಹೊಸ ಹುಡುಗ್ರು ಬರ್ತಾರ. ಯಾವ ದಿನ ಅಂತ ಬರೀ. ಅವರು ಕರೀಲಿ, ಬಿಡ್ಲಿ, ಗೇಟಿಗೆ ಕೀಲಿ ಹಾಕ್ಲಿ. ನಾ ಬರ್ತೀನಿ."

ಇಂತಿ,
ಲಕ್ಷ್ಮಿ ದೇವಿಂದ್ರಪ್ಪ